ನರ ಮೊದಲು, ಚರ್ಮ ಆಮೇಲೆ: ರಿಬಾರ್ನ್ ಗೊಂಬೆಗೆ ಬಣ್ಣ ಹಚ್ಚುವ ಬಗೆ

1990ರ ದಶಕದಲ್ಲಿ ಅಮೆರಿಕದಲ್ಲಿ ಬೆಳೆದು, ಬಳಿಕ ಹಲವು ದೇಶಗಳಿಗೆ ಹಬ್ಬಿದ ರಿಬಾರ್ನ್ ಗೊಂಬೆಗಳನ್ನು ದೂರದಿಂದ ನೋಡಿದವರು ನಿಜವಾದ ಹಸುಗೂಸೆಂದೇ ತಿಳಿಯುವುದುಂಟು. ಬಣ್ಣವಿಲ್ಲದ ವಿನೈಲ್ ತಲೆ, ಕೈ, ಕಾಲುಗಳ ಕಿಟ್ಟನ್ನು ತರಿಸಿಕೊಂಡು ಪದರ ಪದರವಾಗಿ ಬಣ್ಣ ಹಚ್ಚುವುದು ಈ ಕಲೆಯ ಜೀವಾಳ. ಹೊಸಬರ ಗೊಂಬೆಗಳಲ್ಲಿ ನರಗಳು ಪೆನ್ನಿನಿಂದ ಗೀಚಿದಂತೆ ಎದ್ದು ಕಾಣುವುದಕ್ಕೆ ಮುಖ್ಯ ಕಾರಣ, ಅವನ್ನು ಎಲ್ಲ ಬಣ್ಣ ಮುಗಿದ ಮೇಲೆ ಬರೆಯುವುದು. ಮಗುವಿನ ಮೈಯಲ್ಲಿ ನರವಿರುವುದು ಚರ್ಮದ ಕೆಳಗೆ. ಆದ್ದರಿಂದ ಗೊಂಬೆಯಲ್ಲಿಯೂ ಅದು ಮೊದಲೇ ಬರಬೇಕು.

ಅಚ್ಚಿನಿಂದ ತೆಗೆದ ವಿನೈಲಿನ ಮೇಲೆ ಎಣ್ಣೆಯ ಅಂಶ ಉಳಿದಿರುತ್ತದೆ. ಪಾತ್ರೆ ತೊಳೆಯುವ ದ್ರವ ಹಾಕಿದ ಬಿಸಿ ನೀರಿನಲ್ಲಿ ಭಾಗಗಳನ್ನು ಉಜ್ಜಿ ತೊಳೆದು, ಪೂರ್ತಿ ಒಣಗಿಸಿಕೊಳ್ಳಿ. ಹೆಚ್ಚಿನ ಕಲಾವಿದರು ಬಳಸುವುದು ‘ಜೆನೆಸಿಸ್’ ಮಾದರಿಯ, ಶಾಖಕ್ಕೆ ಮಾತ್ರ ಗಟ್ಟಿಯಾಗುವ ಬಣ್ಣವನ್ನು. ಓವನ್‌ಗೆ ಇಡುವವರೆಗೆ ಅದು ಒಣಗುವುದಿಲ್ಲವಾದ್ದರಿಂದ ಮನಸ್ಸಿಗೆ ಒಪ್ಪದಿದ್ದರೆ ಒರೆಸಿ ಮತ್ತೆ ಹಚ್ಚಬಹುದು. ಪ್ರತಿ ಪದರವನ್ನೂ ಸುಮಾರು 130 ಡಿಗ್ರಿ ಸೆಲ್ಸಿಯಸ್‌ನಲ್ಲಿ 8 ನಿಮಿಷದಷ್ಟು ಕಾಯಿಸಬೇಕು. ಓವನ್ನಿನ ಗುಂಡಿ ತೋರಿಸುವ ಉಷ್ಣತೆಯನ್ನು ನಂಬದೆ ಒಳಗೊಂದು ಥರ್ಮಾಮೀಟರ್ ಇಡಿ, ಏಕೆಂದರೆ ಶಾಖ ಮಿತಿ ಮೀರಿದರೆ ವಿನೈಲ್ ಹೊಳಪೇರಿ ಆಕಾರ ಕೆಡುತ್ತದೆ. ಅಡುಗೆಯ ಓವನ್ನನ್ನು ಈ ಕೆಲಸಕ್ಕೆ ಖಂಡಿತ ಬಳಸಬೇಡಿ. ಹೊಗೆ ಹೊರಹೋಗಲು ಕಿಟಕಿಗಳು ತೆರೆದಿರಲಿ. ಬಿಸಿಯಿರುವಾಗ ಮೆತ್ತಗಾಗಿರುವ ಭಾಗಗಳನ್ನು ಆರುವವರೆಗೆ ಒತ್ತಬಾರದು.

ಮೊದಲ ಪದರ ನೀಲಿಯದು. ಥಿನ್ನರ್‌ನಲ್ಲಿ ನೀರಿನಷ್ಟು ತೆಳುವಾಗಿಸಿದ ನೀಲಿಯನ್ನು ಕಣ್ಣಿನ ಒಳಮೂಲೆ, ಮೂಗಿನ ಬುಡ, ಕಣತಲೆ, ಅಂಗೈ, ಅಂಗಾಲುಗಳಲ್ಲಿ ಸವರಿ, ಮೇಕಪ್ ಸ್ಪಂಜಿನಿಂದ ತಟ್ಟಿ ಅಂಚು ಕಾಣದಂತೆ ಮಾಡಿ. ಹುಟ್ಟಿದ ಹೊಸತರಲ್ಲಿ ಮಗುವಿನ ಕೈಕಾಲುಗಳು ನೀಲಿ ಛಾಯೆಯಲ್ಲಿರುವುದು ಸಹಜವೇ. ಇದನ್ನು ಕಾಯಿಸಿದ ಬಳಿಕ ನರಗಳ ಸರದಿ. ನೀಲಿಗೆ ಚೂರು ಹಸಿರು ಬೆರೆಸಿ, ಅತಿ ಸಣ್ಣ ಕುಂಚದ ತುದಿಯಿಂದ ಗೆರೆ ಎಳೆಯಿರಿ. ಕೈಯನ್ನು ಬಿಗಿ ಹಿಡಿಯದೆ ಕುಂಚವನ್ನು ಬೆರಳುಗಳ ನಡುವೆ ತುಸು ಹೊರಳಿಸುತ್ತ ಸಾಗಿದರೆ ಗೆರೆ ತಾನಾಗಿ ವಕ್ರವಾಗಿ, ಒಂದೆಡೆ ದಪ್ಪ, ಒಂದೆಡೆ ಸಣ್ಣಗಾಗಿ ಬರುತ್ತದೆ. ನಡುನಡುವೆ ಅದು ಕವಲೊಡೆಯಲಿ, ಕೆಲವೆಡೆ ಮಾಯವಾಗಲಿ. ಬಣ್ಣ ಹಸಿಯಿರುವಾಗಲೇ ಒಣ ಸ್ಪಂಜಿನಿಂದ ಮೃದುವಾಗಿ ತಟ್ಟಿ. ಕಣತಲೆ, ಕಣ್ಣೆವೆ, ಮಣಿಕಟ್ಟಿನ ಒಳಭಾಗ, ಅಂಗೈಯ ಹಿಂಬದಿ, ಪಾದದ ಮೇಲ್ಭಾಗ ಸಾಕು. ಮೈತುಂಬ ನರ ಬರೆದರೆ ಮಗು ರೋಗಿಯಂತೆ ಕಾಣುತ್ತದೆ.

ಆಮೇಲೆ ಚರ್ಮದ ಬಣ್ಣ. ಒಂದೇ ದಪ್ಪ ಲೇಪ ಕೊಡುವ ಆತುರವನ್ನು ಬಿಟ್ಟು, ಬಹಳ ತೆಳುವಾದ ಪದರಗಳನ್ನು ಒಂದರ ಮೇಲೊಂದು ಕಾಯಿಸುತ್ತ ಹೋದರೆ ಬೆಳಕು ಅವುಗಳ ಮೂಲಕ ಹಾದು ಕೆಳಗಿನ ನೀಲಿಯನ್ನು ಅಸ್ಪಷ್ಟವಾಗಿ ತೋರಿಸುತ್ತದೆ. ಚರ್ಮ ಏಕರೂಪವಾಗಿರದಂತೆ, ಹರಿದು ಒರಟಾಗಿಸಿದ ಸ್ಪಂಜಿನ ತುಂಡಿನಿಂದ ಕೆಂಪು, ಹಳದಿ, ನೇರಳೆ ಛಾಯೆಗಳನ್ನು ಅಲ್ಲಲ್ಲಿ ತಟ್ಟಿ. ಚಳಿಗೆ ಮಗುವಿನ ತೊಡೆಯ ಮೇಲೆ ಮೂಡುವ ಬಲೆಯಂಥ ಚಿತ್ತಾರ ಬರುವುದು ಈ ಹಂತದಲ್ಲಿಯೇ.

ಕಂದುಬಣ್ಣದ ಮಗುವನ್ನು ಮಾಡುವವರು ಬಿಳಿ ಮಗುವಿನ ಕ್ರಮಕ್ಕೆ ಕೊನೆಯಲ್ಲಿ ಕಂದು ಸೇರಿಸಿದರೆ ಮೈ ಮಣ್ಣು ಮೆತ್ತಿದಂತೆ ಮಂಕಾಗುತ್ತದೆ. ಆರಂಭದಿಂದಲೇ ಬರ್ಂಟ್ ಸಿಯೆನ್ನಾ (ಕೆಂಗಂದು), ಬರ್ಂಟ್ ಅಂಬರ್ (ಗಾಢ ಕಂದು) ಬಣ್ಣಗಳಿಗೆ ತುಸು ಹಳದಿ ಬೆರೆಸಿ ಪದರ ಕಟ್ಟಬೇಕು. ನಮ್ಮ ಮನೆಗಳಲ್ಲಿ ಹಿರಿಯರು ಕೂಸಿನ ಕಿವಿಯಂಚು ನೋಡಿ ಮುಂದಿನ ಮೈಬಣ್ಣ ಹೇಳುವ ರೂಢಿಯಿದೆಯಲ್ಲ, ಅದೇ ಅವಲೋಕನ ಇಲ್ಲಿ ನೆರವಿಗೆ ಬರುತ್ತದೆ: ಕಿವಿಯಂಚು, ಉಗುರಿನ ಬುಡ, ಬೆರಳ ಗಂಟುಗಳು ಒಂದಿಷ್ಟು ಗಾಢವಾಗಿರಲಿ, ಅಂಗೈ ಅಂಗಾಲುಗಳು ತಿಳಿಯಾಗಿ ಗುಲಾಬಿ ಛಾಯೆಯಲ್ಲಿರಲಿ. ನರಗಳಲ್ಲಿ ಹಸಿರಿನ ಪಾಲು ಹೆಚ್ಚಿರಲಿ, ಸಂಖ್ಯೆ ಕಡಿಮೆಯಿರಲಿ.

ಕೆನ್ನೆ, ಮೊಣಕಾಲು, ಹಿಮ್ಮಡಿಗಳಿಗೆ ಕೆಂಪು ಕೊಟ್ಟು, ಮಡಿಕೆಗಳೊಳಗೆ ಕೆಂಗಂದು ಬಣ್ಣ ತುಂಬಿ ಮೇಲಿನದನ್ನು ಒರೆಸಿಬಿಡಿ. ಪ್ರತಿ ಪದರದ ನಂತರವೂ ಬಲ್ಬಿನ ಬೆಳಕಿನಲ್ಲಲ್ಲದೆ ಹಗಲಿನ ಬೆಳಕಿನಲ್ಲಿ ಪರೀಕ್ಷಿಸಿ, ಏಕೆಂದರೆ ಹಳದಿ ಬಲ್ಬಿನಡಿಯಲ್ಲಿ ನೀಲಿ ಮಂಕಾಗಿ ಕಂಡು ಕೈ ತಿಳಿಯದೆ ಹೆಚ್ಚು ಹಾಕಿಬಿಡುತ್ತದೆ. ಕೊನೆಗೆ ಹೊಳಪಿಲ್ಲದ ವಾರ್ನಿಷನ್ನು ಸ್ಪಂಜಿನಿಂದ ತೆಳುವಾಗಿ ತಟ್ಟಿ ಇನ್ನೊಮ್ಮೆ ಕಾಯಿಸಿ. ತುಟಿ ಮತ್ತು ಉಗುರುಗಳಿಗೆ ಮಾತ್ರ ಸ್ವಲ್ಪ ಹೊಳಪಿರುವ ವಾರ್ನಿಷ್ ಸಾಕು.