ಬಿಟ್ಟುಬಂದ ಒಕ್ಕೂಟದ ಜೊತೆ ಮತ್ತೆ ನಂಟು: ಬ್ರಿಟನ್ ಮುಂದಿರುವ ದಾರಿ

ಬ್ರಿಟನ್ 2020ರ ಜನವರಿ 31ರಂದು ಐರೋಪ್ಯ ಒಕ್ಕೂಟದಿಂದ ಹೊರಬಂತು. 2021ರಿಂದ ನಡೆಯುತ್ತಿರುವ ವ್ಯಾಪಾರ ಒಪ್ಪಂದದಲ್ಲಿ ಎರಡೂ ಕಡೆ ತಯಾರಾದ ಸರಕಿಗೆ ಸುಂಕವಿಲ್ಲ, ಕಾಗದಪತ್ರದ ಕಾಟ ಮಾತ್ರ ವಿಪರೀತ. ಇದನ್ನು ಸರಿಪಡಿಸಲು ಒಂದು ಕ್ರಮವಿದೆ.

ಮೊದಲು ಹಳೆಯ ತಕರಾರು ತೀರಬೇಕು. ಒಕ್ಕೂಟದ 'ಹೊರೈಜನ್' ಸಂಶೋಧನಾ ಯೋಜನೆಗೆ ಬ್ರಿಟನ್ ಸೇರುವ ಮಾತು 2020ರಲ್ಲೇ ಆಗಿತ್ತು. ಬ್ರಿಟನ್ನಿನಿಂದ ಉತ್ತರ ಐರ್ಲೆಂಡಿಗೆ ಹೋಗುವ ಸರಕಿನ ತಪಾಸಣೆಯ ಜಗಳದಿಂದ ಅದು ನಿಂತುಹೋಯಿತು. ಆ ಜಗಳ ಬಗೆಹರಿಸಿದ 2023ರ ಫೆಬ್ರುವರಿಯ ವಿಂಡ್ಸರ್ ಒಪ್ಪಂದದ ನಂತರವೇ ಮಾತುಕತೆ ಮುಂದುವರಿದು, 2024ರ ಜನವರಿ 1ರಿಂದ ಬಾಗಿಲು ತೆರೆಯಿತು. ವಿಜ್ಞಾನಿಗಳಿಗೆ ಮೂರು ವರ್ಷ ಸುಮ್ಮನೆ ನಷ್ಟ.

ನಂತರ ಆಹಾರ. ಶ್ರಮಕ್ಕೆ ತಕ್ಕ ಫಲ ಬೇಗ ಸಿಗುವುದು ಇಲ್ಲೇ. ಈಗ ಮಾಂಸ, ಚೀಸ್ ಕಳಿಸಲು ಆರೋಗ್ಯ ಪ್ರಮಾಣಪತ್ರ ಬೇಕು, ಗಡಿಗೆ ಮುಂಚಿತವಾಗಿ ಮಾಹಿತಿ ಕೊಡಬೇಕು, ಅಲ್ಲಿ ತಪಾಸಣೆಗೂ ಒಳಗಾಗಬೇಕು. ಹಲವರ ಸರಕು ಒಂದೇ ಲಾರಿಯಲ್ಲಿದ್ದರೆ ಒಬ್ಬರ ಪತ್ರದ ತಪ್ಪಿಗೆ ಇಡೀ ಲಾರಿ ನಿಲ್ಲಬಹುದು; ಸಣ್ಣ ವ್ಯಾಪಾರಿಗಳು ರಫ್ತನ್ನೇ ಕೈಬಿಟ್ಟದ್ದು ಇದರಿಂದ. ಈ ತೊಡಕು ತೆಗೆಯುವ ಒಪ್ಪಂದಕ್ಕೆ 2025ರ ಮೇ 19ರ ಲಂಡನ್ ಶೃಂಗಸಭೆ ಹಾದಿ ಹಾಕಿತು. ಷರತ್ತು ಸಣ್ಣದಲ್ಲ: ಒಕ್ಕೂಟ ನಿಯಮ ಬದಲಿಸಿದಂತೆ ಬ್ರಿಟನ್ನೂ ಬದಲಿಸಬೇಕು. ಕರಡಿನ ಹಂತದಲ್ಲಿ ಅಭಿಪ್ರಾಯ ಹೇಳಬಹುದು, ಮತ ಹಾಕುವಂತಿಲ್ಲ. ಒಕ್ಕೂಟದ ಕಾನೂನಿನ ಅರ್ಥದ ಬಗ್ಗೆ ಐರೋಪ್ಯ ನ್ಯಾಯಾಲಯದ್ದೇ ಕೊನೆಯ ಮಾತು. ಇದನ್ನು ಜನರಿಗೆ ಮೊದಲೇ ಬಿಚ್ಚಿ ಹೇಳದ ಸರ್ಕಾರ ಮುಂದೆ ಸಂಸತ್ತಿನಲ್ಲಿ ಸಿಕ್ಕಿಬೀಳುತ್ತದೆ.

ಜೊತೆಯಲ್ಲೇ ಎರಡೂ ಕಡೆಯ ಇಂಗಾಲ ಮಾರುಕಟ್ಟೆಗಳನ್ನು, ಅಂದರೆ ಕಾರ್ಖಾನೆಗಳು ಇಂಗಾಲ ಹೊರಸೂಸುವ ಪರವಾನಗಿ ಕೊಂಡು ಮಾರುವ ವ್ಯವಸ್ಥೆಗಳನ್ನು, ಜೋಡಿಸಬೇಕು. ಇಲ್ಲವಾದರೆ ಆಮದು ಸರಕಿನ ತಯಾರಿಕೆಯಲ್ಲಿ ಹೊಮ್ಮಿದ ಇಂಗಾಲಕ್ಕೆ ಒಕ್ಕೂಟ 2026ರಿಂದ ಜಾರಿಗೆ ತಂದ ಗಡಿ ಇಂಗಾಲ ತೆರಿಗೆ ಬ್ರಿಟನ್ನಿನ ಉಕ್ಕು, ಸಿಮೆಂಟಿನ ಮೇಲೂ ಬೀಳುತ್ತದೆ.

ಯಾವುದೂ ಪುಕ್ಕಟೆಯಲ್ಲ. ಅದೇ ಶೃಂಗಸಭೆಯಲ್ಲಿ ತನ್ನ ಕಡಲಲ್ಲಿ ಒಕ್ಕೂಟದ ದೋಣಿಗಳು 2038ರ ಜೂನ್ 30ರವರೆಗೆ ಮೀನು ಹಿಡಿಯಲು ಬ್ರಿಟನ್ ಒಪ್ಪಿತು. ಒಕ್ಕೂಟದ ರಕ್ಷಣಾ ಖರೀದಿಯ 150 ಶತಕೋಟಿ ಯೂರೋ ನಿಧಿಗೆ ಸೇರುವ ಮಾತುಕತೆ 2025ರ ನವೆಂಬರ್‌ನಲ್ಲಿ ಮುರಿದುಬಿದ್ದದ್ದು ಪ್ರವೇಶ ಶುಲ್ಕದ ಕಾರಣಕ್ಕೆ. ಮೊತ್ತ ಕುದುರುವ ಮೊದಲು ಘೋಷಣೆ ಬೇಡ.

ಒಕ್ಕೂಟದ ಕಸ್ಟಮ್ಸ್ ಯೂನಿಯನ್, ಅಂದರೆ ಹೊರಗಿನ ಸರಕಿಗೆ ಎಲ್ಲರೂ ಒಂದೇ ಸುಂಕ ಇಡುವ ಕೂಟ, ಸೇರಿದರೆ ಸರಕಿನ ಮೂಲ ಸಾಬೀತುಪಡಿಸುವ ತಾಪತ್ರಯ ಬಹುತೇಕ ತಪ್ಪುತ್ತದೆ. ಆದರೆ ಹೊರದೇಶಗಳ ಸರಕಿಗೆ ಸ್ವಂತ ಸುಂಕ ಇಡುವಂತಿಲ್ಲ. ಭಾರತದ ಜೊತೆ 2025ರ ಜುಲೈ 24ರಂದು ಸಹಿ ಹಾಕಿದ ವ್ಯಾಪಾರ ಒಪ್ಪಂದದ ರಿಯಾಯಿತಿಗಳೂ ಆಗ ಇಕ್ಕಟ್ಟಿಗೆ ಸಿಲುಕುತ್ತವೆ. ಪೂರ್ಣ ಸದಸ್ಯತ್ವಕ್ಕೆ ಒಕ್ಕೂಟದ ಮೂಲ ಒಡಂಬಡಿಕೆಯ 49ನೇ ವಿಧಿಯಡಿ ಹೊಸಬರಂತೆಯೇ ಅರ್ಜಿ ಹಾಕಬೇಕು, 27 ದೇಶಗಳೂ ಒಪ್ಪಬೇಕು.