ಮನಾಲಿಗೆ ಹೊರಟಿದ್ದೀರಾ? ಮಕ್ಕಳಿಗೆ ಮೂರು ಸ್ವೆಟರ್ ಹಾಕಬೇಡಿ

ಚಳಿಗಾಲದ ಪ್ರವಾಸ ಅಂದರೆ ಟಿಕೆಟ್, ಹೋಟೆಲ್, ಟ್ಯಾಕ್ಸಿ ಎಲ್ಲಾ ಎರಡು ಮೂರು ತಿಂಗಳ ಮೊದಲೇ ಬುಕ್ ಆಗಿರುತ್ತದೆ. ಮಕ್ಕಳ ಬಟ್ಟೆ ಮಾತ್ರ ಹೊರಡುವ ಹಿಂದಿನ ರಾತ್ರಿ ನೆನಪಾಗುತ್ತದೆ. ಬೀರುವಿನಲ್ಲಿದ್ದ ಸ್ವೆಟರ್‌ಗಳನ್ನೆಲ್ಲ ಸೂಟ್‌ಕೇಸಿಗೆ ತುರುಕುವುದು, ಅಲ್ಲಿ ಹೋದ ಮೇಲೆ ಒಂದರ ಮೇಲೊಂದು ಹಾಕುವುದು. ಜಾಸ್ತಿ ಹಾಕಿದಷ್ಟೂ ಬೆಚ್ಚಗೆ ಅನ್ನುವ ಲೆಕ್ಕ.

ಮನಾಲಿ ಪಕ್ಕದ ಸೋಲಾಂಗ್ ಕಣಿವೆಯಲ್ಲಿ ಸುಮ್ನೆ ಒಂದು ಗಂಟೆ ನಿಂತು ನೋಡಿ, ಈ ಲೆಕ್ಕ ತಪ್ಪುವುದು ಕಾಣುತ್ತದೆ. ಹತ್ತಿ ಬನಿಯನ್, ಅದರ ಮೇಲೆ ಟೀ ಶರ್ಟ್, ಎರಡು ಸ್ವೆಟರ್, ಜಾಕೆಟ್, ಕೆಳಗೆ ಜೀನ್ಸ್ ತೊಟ್ಟ ಹುಡುಗನಿಗೆ ಕೈ ಪೂರ್ತಿ ಮಡಚಲೂ ಆಗುವುದಿಲ್ಲ. ಆದರೂ ಓಡುತ್ತಾನೆ, ಉರುಳುತ್ತಾನೆ, ಹಿಮ ಎರಚುತ್ತಾನೆ. ಅರ್ಧ ಗಂಟೆಗೆ ಕೆನ್ನೆ ಕೆಂಪಾಗಿ, ಕುತ್ತಿಗೆಯಲ್ಲಿ ಬೆವರು. ಆಮೇಲೆ ಮ್ಯಾಗಿ ಅಂಗಡಿ ಮುಂದೆ ಕೂತ ಸ್ವಲ್ಪ ಹೊತ್ತಿಗೆ ಹಲ್ಲು ಕಟಕಟ. 'ಇನ್ನೊಂದು ಸ್ವೆಟರ್ ಹಾಕಬೇಕಿತ್ತು' ಅಂತ ಮನೆಯವರು ಪೇಚಾಡುತ್ತಾರೆ. ಹಾಗಲ್ಲ, ಒಂದು ಕಡಿಮೆ ಹಾಕಬೇಕಿತ್ತು.

ಆಡುವ ಮಗುವಿಗೆ ಚಳಿ ಹಿಡಿಸುವುದು ಹೊರಗಿನ ಗಾಳಿಗಿಂತ ಹೆಚ್ಚಾಗಿ ಒಳಗಿನ ಬೆವರು. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಶಾಖ ಸಾಗಿಸುತ್ತದೆ. ಒದ್ದೆ ಬನಿಯನ್ ಮೈಗೆ ಅಂಟಿಕೊಂಡರೆ ಮೇಲೆ ಎಷ್ಟು ಸ್ವೆಟರ್ ಇದ್ದರೂ ಮೈಬಿಸಿ ಸೋರುತ್ತಲೇ ಇರುತ್ತದೆ. ಮಕ್ಕಳದ್ದು ಸಣ್ಣ ದೇಹ. ತೂಕಕ್ಕೆ ಹೋಲಿಸಿದರೆ ಚರ್ಮ ಜಾಸ್ತಿ. ಹಾಗಾಗಿ ದೊಡ್ಡವರಿಗಿಂತ ಬೇಗ ತಣ್ಣಗಾಗುತ್ತಾರೆ.

ಹೆಜ್ಜೆ 1: ಹೋಗುವ ಜಾಗದ ಎತ್ತರ ನೋಡಿ

ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಮನಾಲಿ 2,050, ಸೋಲಾಂಗ್ 2,500ರ ಆಸುಪಾಸು, ಅಟಲ್ ಸುರಂಗ ದಾಟಿದರೆ ಸಿಗುವ ಸಿಸ್ಸು 3,100. ಸಾವಿರ ಮೀಟರ್ ಏರಿದರೆ ಸರಿಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ. ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ತಾಪಮಾನ 1884ರ ಜನವರಿಯ 7.8 ಡಿಗ್ರಿ. ಜನವರಿಯ ಮನಾಲಿಯಲ್ಲಿ ಮಧ್ಯಾಹ್ನ ಅಷ್ಟು ಸಿಕ್ಕರೆ ಅಲ್ಲಿನವರು ಬಿಸಿಲು ಕಾಯಿಸಲು ಹೊರಗೆ ಬರುತ್ತಾರೆ. 2020ರಲ್ಲಿ ಸುರಂಗ ತೆರೆದ ಮೇಲೆ ಟ್ಯಾಕ್ಸಿಯವರು ಬೆಳಿಗ್ಗೆ ಮನಾಲಿಯಿಂದ ಹೊರಟು ಸಿಸ್ಸು ತೋರಿಸಿಕೊಂಡು ಬರುತ್ತಾರೆ. ಹಾಗಾಗಿ ಬಟ್ಟೆಯ ಲೆಕ್ಕ ಮನಾಲಿಗಲ್ಲ, ಸಿಸ್ಸುವಿಗೆ ಹಾಕಿ. ಅಲ್ಲಿ ಗಾಳಿಯೂ ಜೋರು.

ಹೆಜ್ಜೆ 2: ಮೈಗೆ ತಾಗುವ ಬಟ್ಟೆ

ಎಲ್ಲರೂ ಎಡವುವುದು ಇಲ್ಲೇ. ಜಾಕೆಟ್‌ಗೆ ನಾಲ್ಕು ಸಾವಿರ ಸುರಿದು, ಒಳಗೆ ಹಾಕುವುದಕ್ಕೆ 'ಮನೆಯಲ್ಲಿ ಬನಿಯನ್ ಇದೆಯಲ್ಲ' ಅನ್ನುತ್ತಾರೆ. ದುಡ್ಡು ಮೊದಲು ಹೋಗಬೇಕಾದ್ದು ಒಳಗಿನ ಬಟ್ಟೆಗೆ.

ಹತ್ತಿ ಬೇಡ. ನಮ್ಮ ಸೆಕೆಗೆ ಹತ್ತಿಯಂಥ ಬಟ್ಟೆ ಇನ್ನೊಂದಿಲ್ಲ, ಒಪ್ಪೋಣ. ಆದರೆ ಅದು ಬೆವರನ್ನು ಹೀರಿ ಅಲ್ಲೇ ಇಟ್ಟುಕೊಳ್ಳುತ್ತದೆ, ಬೇಗ ಒಣಗುವುದಿಲ್ಲ. ಹಿಮದಲ್ಲಿ ಬೇಕಾದ್ದು ಬೆವರನ್ನು ಚರ್ಮದಿಂದ ಎಳೆದು ಆಚೆ ದಾಟಿಸುವ ಬಟ್ಟೆ. ಅಂದರೆ ಪಾಲಿಯೆಸ್ಟರ್ ಥರ್ಮಲ್ (ಚಳಿಗೆ ಹಾಕುವ ಒಳ ಉಡುಪು), ಅಥವಾ ಮೆರಿನೋ ಅನ್ನುವ ಕುರಿಯ ನವಿರಾದ ಉಣ್ಣೆ. ಮೆರಿನೋ ಚುಚ್ಚುವುದಿಲ್ಲ, ವಾಸನೆಯೂ ಕಡಿಮೆ, ಬೆಲೆ ಮಾತ್ರ ಕಣ್ಣಿಗೆ ಕತ್ತಲೆ ಬರಿಸುತ್ತದೆ. ಆರು ತಿಂಗಳಲ್ಲಿ ಚಿಕ್ಕದಾಗುವ ಬಟ್ಟೆಗೆ ಅಷ್ಟು ಕೊಡಬೇಡಿ ಅನ್ನುವುದು ನನ್ನ ಖಡಾಖಂಡಿತ ಸಲಹೆ. ಪಾಲಿಯೆಸ್ಟರ್ ಸಾಕು.

'ಥರ್ಮಲ್' ಅಂತ ಡಬ್ಬಿ ಮೇಲೆ ಬರೆದಿದೆ ಅಂತ ನಂಬಬೇಡಿ. ನಮ್ಮ ಅಂಗಡಿಗಳಲ್ಲಿ ಆ ಹೆಸರಲ್ಲಿ ಸಿಗುವ ಎಷ್ಟೋ ಬಟ್ಟೆ ಅರ್ಧಕ್ಕಿಂತ ಜಾಸ್ತಿ ಹತ್ತಿ. ಅಜ್ಜ ಅಜ್ಜಿ ಮನೆಯಲ್ಲಿ ಹೊದ್ದು ಕೂರುವುದಕ್ಕೆ ಅದು ಚೆನ್ನ, ಓಡುವ ಮಗುವಿಗಲ್ಲ. ಒಳಪಟ್ಟಿಯ ಚೀಟಿ ತಿರುಗಿಸಿ ಯಾವ ನೂಲು, ಶೇಕಡಾ ಎಷ್ಟು ಅಂತ ಓದಿ. ಚೀಟಿಯೇ ಇಲ್ಲದಿದ್ದರೆ ವಾಪಸ್ ಇಡಿ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಹೊಸ ಥರ್ಮಲ್ ಮತ್ತು ಒಂದು ಹತ್ತಿ ಬನಿಯನ್, ಎರಡನ್ನೂ ನೀರಲ್ಲಿ ಅದ್ದಿ, ಒಂದೇ ಸಮ ಹಿಂಡಿ, ಬಿಸಿಲಿಲ್ಲದ ಕಡೆ ಅಕ್ಕಪಕ್ಕ ನೇತುಹಾಕಿ. ಥರ್ಮಲ್ ಒಣಗಿದಾಗಲೂ ಬನಿಯನ್ ತೇವವಾಗಿಯೇ ಇರಬೇಕು. ಎರಡೂ ಒಟ್ಟಿಗೆ ಒಣಗಿದರೆ ನಿಮಗೆ ಟೋಪಿ ಬಿದ್ದಿದೆ.

ಅಳತೆ ಮೈಗೆ ಹತ್ತಿಕೊಂಡಿರಬೇಕು. ಮುಂದಿನ ವರ್ಷಕ್ಕೂ ಆಗಲಿ ಅಂತ ಎರಡು ಸೈಜ್ ದೊಡ್ಡದು ತಂದರೆ ಬಟ್ಟೆ ಚರ್ಮಕ್ಕೆ ತಾಗುವುದಿಲ್ಲ, ಬೆವರು ಎಳೆಯುವುದಿಲ್ಲ. ದೊಡ್ಡದು ತರುವ ಆಸೆಯನ್ನು ಜಾಕೆಟ್‌ನಲ್ಲಿ ತೀರಿಸಿಕೊಳ್ಳಿ.

ಇನ್ನೊಂದು ವಿಷಯ. ಒಳ್ಳೆಯ ಥರ್ಮಲ್ ತಂದು, ಅದರ ಒಳಗೆ ರೂಢಿಯಂತೆ ಹತ್ತಿ ಬನಿಯನ್ ಹಾಕಿಸುವ ಮಹಾತಾಯಂದಿರಿದ್ದಾರೆ. ಎಲ್ಲಾ ವ್ಯರ್ಥ. ಥರ್ಮಲ್ ನೇರ ಚರ್ಮಕ್ಕೆ ತಾಗಲಿ.

ಖರ್ಚು ಬೇಡ ಅನ್ನುವವರಿಗೆ ಅಡ್ಡದಾರಿ ಇದೆ. ಕ್ರಿಕೆಟ್ಟೋ ಫುಟ್ಬಾಲೋ ಆಡುವಾಗ ಹಾಕುವ ತೆಳು ಪಾಲಿಯೆಸ್ಟರ್ ಜರ್ಸಿ ಮನೆಯಲ್ಲಿದ್ದರೆ ಅದನ್ನೇ ಒಳಗೆ ಹಾಕಿ. ತುಂಬು ತೋಳಿನದ್ದಾದರೆ ಇನ್ನೂ ಒಳ್ಳೆಯದು. ನೋಡಲು ವಿಚಿತ್ರ, ಕೆಲಸ ಮಾತ್ರ ಪಕ್ಕಾ. ಏನೇ ತಂದರೂ ಎರಡು ಜೊತೆ ಇರಲಿ.

ಹೆಜ್ಜೆ 3: ಮಧ್ಯದ ಪದರ, ಒಂದೇ ಒಂದು

ಫ್ಲೀಸ್ (ತುಪ್ಪಳದಂಥ ಮೆತ್ತನೆಯ ಪಾಲಿಯೆಸ್ಟರ್ ಬಟ್ಟೆ) ಜಾಕೆಟ್ ಅಥವಾ ಒಂದು ಉಣ್ಣೆ ಸ್ವೆಟರ್. ಎರಡರಲ್ಲಿ ನನ್ನ ಮತ ಫ್ಲೀಸ್‌ಗೆ, ಅದೂ ಮುಂದೆ ಉದ್ದಕ್ಕೆ ಜಿಪ್ ಇರುವುದು. ತಲೆಯಿಂದ ಎಳೆಯುವ ಸ್ವೆಟರ್ ಆದರೆ ಟೋಪಿ, ಕನ್ನಡಕ ಎಲ್ಲಾ ಕಳಚಿ ತೆಗೆಯಬೇಕು. ಮಗು ರಂಪ ಮಾಡುತ್ತದೆ, ನೀವೂ 'ಇರಲಿ ಬಿಡು' ಅಂತ ಬಿಟ್ಟುಬಿಡುತ್ತೀರಿ.

ಚಳಿಗಾಲದಲ್ಲಿ ನಮ್ಮ ಊರುಗಳಲ್ಲಿ ಟಿಬೆಟಿಯನ್ನರು ಹಾಕುವ ಸ್ವೆಟರ್ ಅಂಗಡಿ ಎಲ್ಲರಿಗೂ ಗೊತ್ತು. ಬೈಲಕುಪ್ಪೆ, ಮುಂಡಗೋಡ ಕಡೆಯಿಂದ ಬಂದು ಮಾರುತ್ತಾರೆ. ಮಾಲು ಬಹುಪಾಲು ಲುಧಿಯಾನದ್ದು. ಚೆನ್ನಾಗಿಯೇ ಇರುತ್ತದೆ, ಆದರೆ ತುಂಬಾ ಕಡೆ ಅದು ಉಣ್ಣೆಯಲ್ಲ, ಅಕ್ರಿಲಿಕ್ ಅನ್ನುವ ಕೃತಕ ನೂಲು. ಅಕ್ರಿಲಿಕ್ ಕೆಟ್ಟದ್ದೇನಲ್ಲ, ಉಣ್ಣೆಯ ರೇಟು ಕೊಡಬೇಡಿ ಅಷ್ಟೆ. ಅನುಮಾನ ಇದ್ದರೆ ಮನೆಗೆ ತಂದ ಮೇಲೆ ಒಳಹೊಲಿಗೆಯಿಂದ ಒಂದು ಎಳೆ ಕಿತ್ತು, ಇಕ್ಕಳದಲ್ಲಿ ಹಿಡಿದು, ಸಿಂಕಿನ ಮೇಲೆ ಕಡ್ಡಿ ಗೀರಿ ತಾಗಿಸಿ. ಕೂದಲು ಸುಟ್ಟ ವಾಸನೆ ಬಂದು, ಉಳಿದದ್ದು ಬೆರಳಲ್ಲಿ ಪುಡಿಯಾದರೆ ಉಣ್ಣೆ. ಕರಗಿ ಗಟ್ಟಿ ಕಪ್ಪು ಮಣಿಯಾದರೆ ಅಕ್ರಿಲಿಕ್. ಮಕ್ಕಳನ್ನು ದೂರ ಇಟ್ಟು ಮಾಡಿ. ಅಂಗಡಿಯಲ್ಲಿ ಮಾತ್ರ ಬೇಡ, ಒದೆ ಬೀಳುತ್ತದೆ.

ನಿಜವಾದ ಉಣ್ಣೆ ತನ್ನ ತೂಕದ ಸುಮಾರು ಮೂರನೇ ಒಂದು ಭಾಗದಷ್ಟು ತೇವ ಹೀರಿಕೊಂಡರೂ ಮುಟ್ಟಿದರೆ ಒದ್ದೆ ಅನ್ನಿಸುವುದಿಲ್ಲ. ಮಲೆನಾಡಿನಲ್ಲಿ ಮಳೆಗಾಲದ ಗದ್ದೆ ಕೆಲಸಕ್ಕೆ ಕಂಬಳಿ ಕೊಪ್ಪೆ ಹಾಕಿಕೊಂಡೇ ಇಳಿಯುತ್ತಿದ್ದುದು ಸುಮ್ಮನೆ ಅಲ್ಲ. ನೆನೆದ ಕಂಬಳಿ ಭಾರವಾಗುತ್ತಿತ್ತು, ಆದರೆ ಒಳಗಿದ್ದವರಿಗೆ ನಡುಕ ಬರುತ್ತಿರಲಿಲ್ಲ.

ಹೆಜ್ಜೆ 4: ಹೊರಗಿನದ್ದು. ಜಾಕೆಟ್‌ಗಿಂತ ಪ್ಯಾಂಟ್ ಮುಖ್ಯ

ದೊಡ್ಡವರು ಹಿಮದಲ್ಲಿ ನಿಲ್ಲುತ್ತಾರೆ, ಮಕ್ಕಳು ಕೂರುತ್ತಾರೆ. ಮೊದಲು ಒದ್ದೆಯಾಗುವುದು ಮೊಣಕಾಲು ಮತ್ತು ಕುಂಡೆ. ಜೀನ್ಸ್ ಹಾಕಿದ್ದರೆ ಹಿಮ ಕರಗಿ ಒಳಗೆ ಇಳಿಯುತ್ತದೆ, ಸಂಜೆ ಹೊತ್ತಿಗೆ ಪ್ಯಾಂಟ್ ಸೆಟೆದುಕೊಂಡು ತೊಡೆ ಉಜ್ಜುತ್ತದೆ. ಜೀನ್ಸ್ ಮನೆಯಲ್ಲೇ ಇರಲಿ.

ನೀರು ತಡೆಯುವ ಪ್ಯಾಂಟ್ ಕೊಳ್ಳುವಾಗ ಮೊಣಕಾಲ ಮೇಲೆ ನಾಲ್ಕು ಹನಿ ನೀರು ಹಾಕಿ, ಬೆರಳಿಂದ ಒತ್ತಿ, ಒಳಗೆ ಕೈಯಾಡಿಸಿ. ಹನಿ ಮೇಲೆ ಉರುಳುವುದನ್ನಷ್ಟೇ ನೋಡಿ ಖುಷಿಪಡಬೇಡಿ. ಮಗು ಕೂತಾಗ ಬೀಳುವುದು ಒತ್ತಡ. ಟೊರಾಂಟೊ, ಮಿನಿಯಾಪೊಲಿಸ್ ಕಡೆ ನೆಂಟರಿದ್ದಾರಾ? ಅವರ ಮಕ್ಕಳಿಗೆ ಚಿಕ್ಕದಾದ ಸ್ನೋ ಪ್ಯಾಂಟ್ ಕೇಳಿ. ಅಲ್ಲಿ ಶಾಲೆಯ ಬಿಡುವಿನಲ್ಲೂ ಮಕ್ಕಳು ಹಿಮದಲ್ಲಿ ಆಡುವುದರಿಂದ ಪ್ರತಿ ಮನೆಯಲ್ಲೂ ಒಂದೆರಡು ಬಿದ್ದಿರುತ್ತದೆ. ಚಾಕೊಲೇಟ್ ಬದಲು ಅದನ್ನು ತರಲಿ.

ಇಲ್ಲದಿದ್ದರೆ ಸೋಲಾಂಗ್ ದಾರಿಯಲ್ಲಿ ಸಾಲುಸಾಲಾಗಿ ಇರುವ ಬಾಡಿಗೆ ಅಂಗಡಿಗಳು. ಅಲ್ಲಿನ ಸೂಟ್ ನೀರು ಮತ್ತು ಗಾಳಿ ತಡೆಯುವುದಕ್ಕೆ ಮಾತ್ರ, ಬೆಚ್ಚಗಿಡುವ ಕೆಲಸ ನಿಮ್ಮ ಒಳಪದರಗಳದ್ದು. ಅಂಗಡಿಯವರು ಕೊಟ್ಟದ್ದನ್ನು ಕಣ್ಣುಮುಚ್ಚಿ ತೊಡಿಸಬೇಡಿ. ತೋಳಿನೊಳಗೆ ಕೈ ಹಾಕಿ ತೇವ ನೋಡಿ. ಬೆಳಿಗ್ಗೆಯೇ ಯಾರೋ ಬೆವರಿಸಿ ಕೊಟ್ಟದ್ದಿರಬಹುದು. ಜಿಪ್ ಮೇಲಿಂದ ಕೆಳಗೆ ಎರಡು ಸಲ ಎಳೆದು ನೋಡಿ. ಜಾಕೆಟ್, ಪ್ಯಾಂಟ್ ಬೇರೆಬೇರೆ ಇರುವುದನ್ನೇ ಕೇಳಿ. ಇಡೀ ಮೈಗೆ ಒಂದೇ ಆಗಿರುವ ಸೂಟ್ ಫೋಟೊದಲ್ಲಿ ಚಂದ. ಮಗು 'ಸುಸ್ಸು' ಅಂದ ಕ್ಷಣ ಮಂಜುಗಡ್ಡೆ ಗಾಳಿಯಲ್ಲಿ ಅದನ್ನು ಪೂರ್ತಿ ಕಳಚಬೇಕು, ಯೋಚನೆ ಮಾಡಿ.

ಜಾಕೆಟ್ ಕೊಳ್ಳುವುದಾದರೆ ಹಕ್ಕಿಯ ಗರಿ ತುಂಬಿದ್ದು ಮಕ್ಕಳಿಗೆ ಬೇಡ. ನೆನೆದರೆ ಗರಿ ಮುದ್ದೆಯಾಗಿ ಬೆಚ್ಚಗಿಡುವ ಗುಣ ಹೋಗುತ್ತದೆ. ಸಿಂಥೆಟಿಕ್ ತುಂಬಿದ್ದು ತಗೊಳ್ಳಿ. ಕತ್ತಿನ ಹತ್ತಿರ ನೇತಾಡುವ ದಾರ ಇದ್ದರೆ ಕಿತ್ತುಹಾಕಿ. ಜಾರುವಾಗ ಸಿಕ್ಕಿಕೊಂಡರೆ ಕುತ್ತಿಗೆಗೆ ಅಪಾಯ. ಮಫ್ಲರ್‌ಗೂ ಇದೇ ಮಾತು.

ಹೆಜ್ಜೆ 5: ಕೈ, ಕಾಲು, ತಲೆ

ಅಜ್ಜಿ ಹೆಣೆದ ಉಲ್ಲನ್ ಗ್ಲೌಸ್ ಮಾಲ್ ರೋಡಿನಲ್ಲಿ ಓಡಾಡಲು ಸರಿ. ಹಿಮ ಮುಟ್ಟಿದರೆ ಎಳೆಎಳೆಗೂ ಮಣಿಮಣಿಯಾಗಿ ಅಂಟಿ, ಕರಗಿ, ಐದೇ ನಿಮಿಷಕ್ಕೆ ಒದ್ದೆ ಚಿಂದಿ. ಮೇಲೆ ನೀರು ಹೋಗದ ಬಟ್ಟೆ ಇರುವ, ನಾಲ್ಕು ಬೆರಳು ಒಟ್ಟಿಗೆ ಇರುವ ಮಿಟನ್ ತರಿಸಿ. ಬೆರಳುಗಳು ಒಂದಕ್ಕೊಂದು ಬಿಸಿ ಕೊಡುತ್ತವೆ. ಮಣಿಕಟ್ಟು ಜಾಕೆಟ್ ತೋಳಿನೊಳಗೆ ಹೋಗುವಷ್ಟು ಉದ್ದ ಇರಲಿ. ಒಂದು ಜೊತೆ ಹೆಚ್ಚಿಗೆ ಇರಲಿ, ಒಂದು ಖಂಡಿತ ಕಳೆಯುತ್ತದೆ.

ಕಾಲಿಗೆ ಒಂದೇ ದಪ್ಪ ಉಣ್ಣೆ ಸಾಕ್ಸ್. ಎರಡು ಹಾಕಿ ಬೂಟಿನೊಳಗೆ ತುರುಕಿದರೆ ರಕ್ತ ಓಡಾಡದೆ ಕಾಲು ಇನ್ನೂ ತಣ್ಣಗಾಗುತ್ತದೆ. ಬಾಡಿಗೆ ಗಂಬೂಟು ಹಾಕಿದ ಮೇಲೆ ಒಳಗೆ ಕಾಲ್ಬೆರಳು ಆಡಿಸಲು ಹೇಳಿ. ಆಡದಿದ್ದರೆ ಒಂದು ಸೈಜ್ ದೊಡ್ಡದು. ಸಾಕ್ಸ್ ಮೇಲೆ ಪ್ಲಾಸ್ಟಿಕ್ ಕವರ್ ಕಟ್ಟುವ ಉಪಾಯ ಬೇಡ, ಕಾಲಿನ ಬೆವರೇ ಒಳಗೆ ಕೆರೆಯಾಗುತ್ತದೆ.

ತಲೆಗೆ ಕಿವಿ ಮುಚ್ಚುವ ಟೋಪಿ, ಕತ್ತಿಗೆ ಕೊಳವೆಯಂಥ ಬಟ್ಟೆ. ಮಂಕಿ ಕ್ಯಾಪ್ ಬಾಯಿ ಹತ್ತಿರ ಉಸಿರಿಗೆ ಒದ್ದೆಯಾಗುತ್ತದೆ, ನನಗಿಷ್ಟವಿಲ್ಲ.

ಹೆಜ್ಜೆ 6: ಆಡುವ ಮೊದಲು ತೆಗೆಯಿರಿ, ಕೂತಾಗ ಹಾಕಿ

ಟ್ಯಾಕ್ಸಿಯಲ್ಲಿ ಹೀಟರ್ ಇರುತ್ತದೆ. ಅಲ್ಲಿ ಜಾಕೆಟ್ ಹಾಕಿ ಕೂರಿಸಿದರೆ ಇಳಿಯುವ ಮೊದಲೇ ಬೆವರು ಶುರು. ಇಳಿದ ಮೇಲೆ ಹಾಕಿಸಿ. ಬಿಸಿಲಿದ್ದು ಮಗು ಓಡಲು ಹೊರಟಿದ್ದರೆ ಫ್ಲೀಸ್ ತೆಗೆದು ಬ್ಯಾಗಿಗೆ ಹಾಕಿ. ಮೊದಲ ಐದು ನಿಮಿಷ ಸ್ವಲ್ಪ ಚಳಿ ಅನ್ನಿಸಬೇಕು, ಆಗ ಸರಿ. ಆಟ ನಿಂತ ತಕ್ಷಣ ಮತ್ತೆ ಹಾಕಿಸಿ, ಮಗು ಕೇಳುವವರೆಗೂ ಕಾಯಬೇಡಿ.

ಆಗಾಗ ಕತ್ತಿನ ಹಿಂದಿನಿಂದ ಬೆನ್ನೊಳಗೆ ಎರಡು ಬೆರಳು ಇಳಿಸಿ ನೋಡಿ. ಬೆಚ್ಚಗೆ, ಒಣಗಿದ್ದರೆ ಸರಿ. ತೇವ ಇದ್ದರೆ ಒಂದು ಪದರ ತೆಗೆಯಿರಿ. ತಣ್ಣಗಿದ್ದರೆ ಆಟ ಬಂದ್, ಒಳಗೆ ನಡೆಯಿರಿ. ಬರೀ ಅಂಗೈ ಮುಟ್ಟಿ 'ತಣ್ಣಗಿದೆ' ಅಂತ ಗಾಬರಿಯಾಗಬೇಡಿ. ಎತ್ತಿಕೊಂಡಿರುವ ಅಥವಾ ಸ್ಲೆಡ್ಜ್‌ನಲ್ಲಿ ಕೂತಿರುವ ಪುಟ್ಟ ತಂಗಿಗೆ ಓಡುವ ಅಣ್ಣನಿಗಿಂತ ಒಂದು ಪದರ ಜಾಸ್ತಿ ಬೇಕು. ಇಬ್ಬರಿಗೂ ಒಂದೇ ತರ ತೊಡಿಸಬೇಡಿ.

ಬೆರಳು, ಮೂಗಿನ ತುದಿ, ಕಿವಿ ಬೆಳ್ಳಗೆ ಪೇಲವವಾಗಿ, ಮುಟ್ಟಿದರೂ ಗೊತ್ತಾಗುತ್ತಿಲ್ಲ ಅಂದರೆ ತಕ್ಷಣ ಒಳಗೆ ಕರೆದುಕೊಂಡು ಹೋಗಿ. ನಿಮ್ಮ ಕಂಕುಳಲ್ಲೋ ಅಂಗೈಯಲ್ಲೋ ಇಟ್ಟು ಬಿಸಿ ಮಾಡಿ. ಉಜ್ಜಬೇಡಿ, ಬೆಂಕಿ ಮುಂದೆ ಹಿಡಿಯಬೇಡಿ. ಮರಗಟ್ಟಿದ ಬೆರಳಿಗೆ ಸುಟ್ಟರೂ ತಿಳಿಯುವುದಿಲ್ಲ. ಬಣ್ಣ ಮರಳದಿದ್ದರೆ ಡಾಕ್ಟರ್ ಹತ್ತಿರ ಹೋಗಿ.

ಸನ್‌ಸ್ಕ್ರೀನ್, ಕಪ್ಪು ಕನ್ನಡಕ ಮರೆಯಬೇಡಿ. ಹೊಸ ಹಿಮ ಅತಿನೇರಳೆ ಕಿರಣದ ಶೇ 80ರವರೆಗೂ ವಾಪಸ್ ಮುಖಕ್ಕೆ ಎಸೆಯುತ್ತದೆ.

ಹೆಜ್ಜೆ 7: ರಾತ್ರಿ ಒಣಗಿಸುವುದು

ಥರ್ಮಲ್, ಸಾಕ್ಸ್ ಒಗೆದು ಒಣ ಟವೆಲ್‌ನಲ್ಲಿ ಸುರುಳಿ ಸುತ್ತಿ, ಮೇಲೆ ಮೊಣಕಾಲೂರಿ ಒತ್ತಿ. ಅರ್ಧ ನೀರು ಟವೆಲ್‌ಗೆ ಹೋಗುತ್ತದೆ. ಆಮೇಲೆ ಕುರ್ಚಿ ಬೆನ್ನಿಗೆ ಹಾಕಿ. ಹೋಟೆಲ್‌ನವರು ಕೊಡುವ ಕಾಯಿಲ್ ಹೀಟರ್ ಮೇಲೆ ಮಾತ್ರ ಹರಡಬೇಡಿ, ಪಾಲಿಯೆಸ್ಟರ್ ಹೊತ್ತಿಕೊಳ್ಳುತ್ತದೆ. ಬೂಟಿನ ಒಳಗಿನ ಮೆತ್ತೆ ಹೊರಗೆ ಎಳೆದು, ಹಳೆ ಪೇಪರ್ ಉಂಡೆ ಮಾಡಿ ತುರುಕಿ, ಮಲಗುವ ಮೊದಲು ಒಮ್ಮೆ ಬದಲಿಸಿ. ಊರಿಗೆ ಬಂದು ಒಗೆಯುವಾಗ ಬಟ್ಟೆ ಮೆತ್ತಗೆ ಮಾಡುವ ಸುವಾಸನೆಯ ದ್ರಾವಣ ಹಾಕಬೇಡಿ. ಅದು ನೂಲಿಗೆ ಮೆತ್ತಿಕೊಂಡರೆ ಥರ್ಮಲ್ ಮೊದಲಿನಂತೆ ಬೆವರು ಎಳೆಯುವುದಿಲ್ಲ.