ಅಪ್ಪನ ಮರೆವು, ಮಗನ ಕೊಲೆಸ್ಟ್ರಾಲ್

ವಿಜಯಪುರದ ಲ್ಯಾಬುಗಳ ಮುಂದೆ ಬೆಳಿಗ್ಗೆ ನಿಂತರೆ, ಎಪ್ಪತ್ತು ದಾಟಿದ ತಂದೆಯನ್ನು ಬೈಕಿನಲ್ಲಿ ಕೂರಿಸಿಕೊಂಡು ಕೊಲೆಸ್ಟ್ರಾಲ್ ಪರೀಕ್ಷೆಗೆ ಕರೆತರುವ ಮಕ್ಕಳು ಕಾಣುತ್ತಾರೆ. ಡಿಮೆನ್ಷಿಯಾ, ಅಂದರೆ ನಾವು ಅರಳುಮರಳು ಎಂದು ತಳ್ಳಿಹಾಕುವ ಕಾಯಿಲೆಯ ಮಟ್ಟಿಗೆ, ಹೆಚ್ಚು ತುರ್ತಾಗಿ ಆಗಬೇಕಾದದ್ದು ನಲವತ್ತೈದರ ಆ ಮಗನ ಪರೀಕ್ಷೆ. ತಡೆಯಬಹುದಾದ 14 ಅಪಾಯಕಾರಿ ಅಂಶಗಳ ಪಟ್ಟಿಗೆ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗವು 2024ರಲ್ಲಿ ಸೇರಿಸಿದ್ದು ನಡುವಯಸ್ಸಿನ ಅಧಿಕ ಎಲ್‌ಡಿಎಲ್ ಕೊಲೆಸ್ಟ್ರಾಲನ್ನು (‘ಕೆಟ್ಟ’ ಕೊಲೆಸ್ಟ್ರಾಲ್). ಮುಪ್ಪಿನಲ್ಲಿ ಈ ನಂಟು ಅಷ್ಟು ಸ್ಪಷ್ಟವಾಗಿಲ್ಲ.

ಆದ್ದರಿಂದ ಮೊದಲು, ನಲವತ್ತು ದಾಟಿದವರು ಲಿಪಿಡ್ (ರಕ್ತದ ಕೊಬ್ಬಿನ) ಪರೀಕ್ಷೆ ಮಾಡಿಸಬೇಕು. ವರದಿಯಲ್ಲಿ ಒಟ್ಟು ಕೊಲೆಸ್ಟ್ರಾಲಿಗಿಂತ ಎಲ್‌ಡಿಎಲ್ ಸಾಲನ್ನು ನೋಡಿ: 100 ಮಿ.ಗ್ರಾಂ. ಒಳಗಿದ್ದರೆ ಒಳ್ಳೆಯದು, 160 ದಾಟಿದರೆ ಹೆಚ್ಚು, 190 ಮುಟ್ಟಿದರೆ ತಡಮಾಡದೆ ವೈದ್ಯರನ್ನು ಕಾಣಬೇಕು. ಸಕ್ಕರೆ ಕಾಯಿಲೆ ಅಥವಾ ಹೃದ್ರೋಗ ಇದ್ದವರ ಮಿತಿ ಇನ್ನೂ ಕಡಿಮೆ. ಅನೇಕ ಕಡೆ ಎಲ್‌ಡಿಎಲ್ ಅನ್ನು ಅಳೆಯದೆ ಲೆಕ್ಕ ಹಾಕಿ ಬರೆಯುವುದರಿಂದ, ಅದೇ ವರದಿಯ ಟ್ರೈಗ್ಲಿಸರೈಡ್ (ರಕ್ತದ ಇನ್ನೊಂದು ಬಗೆಯ ಕೊಬ್ಬು) 400 ದಾಟಿದಾಗ ಆ ಅಂಕಿಯನ್ನು ನಂಬುವಂತಿಲ್ಲ.

ನಂತರ ಅಡುಗೆಮನೆ. ಜೋಳದ ರೊಟ್ಟಿ, ಕಾಳುಪಲ್ಯ, ಕುಸುಬಿ ಎಣ್ಣೆಯ ಒಗ್ಗರಣೆಯಲ್ಲಿ ದೋಷವಿಲ್ಲ. ತೊಂದರೆ ಇರುವುದು ಡಾಲ್ಡಾದಲ್ಲಿ ಮತ್ತು ಮಿರ್ಚಿ ಭಜಿಗೆಂದು ಮತ್ತೆ ಮತ್ತೆ ಕಾಯಿಸುವ ಎಣ್ಣೆಯಲ್ಲಿ. ಡಬ್ಬಿಯ ಮೇಲಿನ ‘ಕೊಲೆಸ್ಟ್ರಾಲ್ ಇಲ್ಲ’ ಎಂಬ ಬರಹಕ್ಕೆ ಹೆಚ್ಚು ದುಡ್ಡು ಕೊಡಬೇಕಿಲ್ಲ, ಏಕೆಂದರೆ ಯಾವ ಸಸ್ಯಜನ್ಯ ಎಣ್ಣೆಯಲ್ಲಿಯೂ ಅದು ಇರುವುದಿಲ್ಲವೆಂದೇ ಹೇಳಬಹುದು.

ಇನ್ನು ಮರೆವು ಶುರುವಾದ ಹಿರಿಯರ ವಿಚಾರ. ರಕ್ತದ ಕೊಲೆಸ್ಟ್ರಾಲ್ ನೇರವಾಗಿ ಮಿದುಳಿಗೆ ಹೋಗುವುದಿಲ್ಲ, ಮಿದುಳು ತನಗೆ ಬೇಕಾದದ್ದನ್ನು ತಾನೇ ತಯಾರಿಸಿಕೊಳ್ಳುತ್ತದೆ. ಹಾನಿಯ ಒಂದು ಮುಖ್ಯ ದಾರಿಯೆಂದರೆ ವರ್ಷಗಟ್ಟಲೆ ಗಡುಸಾಗುತ್ತ ಬಂದ ರಕ್ತನಾಳಗಳು. ಕಾಯಿಲೆ ಬರುವ ಮುಂಚಿನ ವರ್ಷಗಳಲ್ಲಿ ತೂಕದ ಜೊತೆ ಕೊಲೆಸ್ಟ್ರಾಲ್ ಇಳಿಯುವುದೂ ಉಂಟು, ಹಾಗಾಗಿ ಎಪ್ಪತ್ತೈದರ ಅಜ್ಜನ ವರದಿಯಲ್ಲಿ ಅಂಕಿ ಕಡಿಮೆ ಬಂತೆಂದು ನಿಶ್ಚಿಂತರಾಗಬೇಡಿ. ಬಿ12, ಥೈರಾಯ್ಡ್, ಬಿ.ಪಿ., ಸಕ್ಕರೆ, ಕಿವಿ, ಕಣ್ಣು ಇವನ್ನು ಪರೀಕ್ಷೆ ಮಾಡಿಸಿ. ಮಾಂಸಾಹಾರ ಮುಟ್ಟದ ಮನೆಗಳಲ್ಲಿ ಬಿ12 ಕೊರತೆಯಿಂದಲೇ ಮರೆವು ಬಂದಿರಬಹುದು, ಅದಕ್ಕೆ ಚಿಕಿತ್ಸೆಯಿದೆ.

ಅವರು ಈಗಾಗಲೇ ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ನುಂಗುತ್ತಿದ್ದರೆ ನೀವಾಗಿಯೇ ನಿಲ್ಲಿಸಬೇಡಿ. 70ರಿಂದ 82 ವರ್ಷದವರ ಮೇಲೆ ನಡೆದ ದೊಡ್ಡ ಪ್ರಯೋಗವೊಂದರಲ್ಲಿ ಅದು ನೆನಪಿನ ಶಕ್ತಿಯನ್ನು ಕುಗ್ಗಿಸಲೂ ಇಲ್ಲ, ಕಾಪಾಡಲೂ ಇಲ್ಲ. ಅಪರೂಪಕ್ಕೆ ಕೆಲವರಲ್ಲಿ ತಾತ್ಕಾಲಿಕ ಮರೆವು ಕಾಣಿಸಿಕೊಂಡಿರುವುದರಿಂದ, ಮಾತ್ರೆ ಆರಂಭಿಸಿದ ದಿನವನ್ನೂ ಮರೆವು ಗಮನಕ್ಕೆ ಬಂದ ದಿನವನ್ನೂ ಒಂದು ಚೀಟಿಯಲ್ಲಿ ಬರೆದುಕೊಂಡು ವೈದ್ಯರಿಗೆ ತೋರಿಸಿ.